ಹಳೇ ಲ್ಯಾಪ್‌ಟಾಪ್ ಇನ್ನೂ ಸತ್ತಿಲ್ಲ ಕಣ್ರೋ! (ಭಾಗ 3)

"ಇದು ಹೋಯ್ತು, ಹೊಸದು ತಗೊಳ್ಳಿ" ಅಂದ ಅಂಗಡಿಯವನು ಹಿಂದಿನ ಮುಚ್ಚಳವನ್ನೂ ಬಿಚ್ಚಿರಲಿಲ್ಲ. ನಾನೇ ಬಿಚ್ಚಿದೆ. ಫ್ಯಾನ್ ತುಂಬಾ ಧೂಳು, ಥರ್ಮಲ್ ಪೇಸ್ಟ್ ಒಣಗಿ ಸುಣ್ಣ! ಬಿಸಿ ಹೆಚ್ಚಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ. ನಾವು ಅದನ್ನೇ 'ವಯಸ್ಸಾಯ್ತು' ಅಂತೀವಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಕೇಳುತ್ತೆ, ಇಂಟೆಲ್ ಆದ್ರೆ ಬಹುತೇಕ 8ನೇ ತಲೆಮಾರಿನಿಂದ ಈಚೆಗಿನದೇ ಬೇಕು. ನನ್ನದು 5ನೇದು. ಅಷ್ಟಕ್ಕೇ ಕಸವಾ?

ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ. ಧೂಳು ತೆಗೆದೆ, ಪೇಸ್ಟ್ ಬದಲಿಸಿದೆ, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ, ಅದರಲ್ಲಿ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪ್ರಾಜೆಕ್ಟ್ ರಿಪೋರ್ಟ್ ಮುಗಿದದ್ದು ಇದರಲ್ಲೇ. ವಿಂಡೋಸ್‌ನಲ್ಲಿ ಮಾತ್ರ ಓಡೋ ಸಾಫ್ಟ್‌ವೇರ್ ಬೇಕಾದವರ ಕಷ್ಟ ಬೇರೆ, ಒಪ್ತೀನಿ. ಉಳಿದವರು ಅಪ್ಪನ ಹತ್ರ ಇಎಂಐ ಕೇಳೋ ಮುಂಚೆ ಸ್ಕ್ರೂಡ್ರೈವರ್ ಕೇಳ್ರೋ!