ಮೇಷ್ಟ್ರ ತಲೆ ನೇರ ಮಾಡಿದವರು

ಮೊನ್ನೆ ಭಾನುವಾರ ಕುಣಿಗಲ್ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಯಾವ ಶಾಲೆ ಅಂತ ಹೇಳಲ್ಲ. ನಾನೂ ಅಲ್ಲೇ ಓದಿದವನು, ನಾಳೆ ಮತ್ತೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು :) ನಮಗೆ ಕನ್ನಡ ಕಲಿಸಿದ ಮೇಷ್ಟ್ರ ಎದೆಮಟ್ಟದ ಪ್ರತಿಮೆಯ ಅನಾವರಣ. ಹಳೇ ವಿದ್ಯಾರ್ಥಿಗಳೆಲ್ಲ ಚಂದಾ ಹಾಕಿದ್ದೆವು. ಪರದೆ ಸರಿಯಿತು. ಫೈಬರ್ ಪ್ರತಿಮೆ, ಮೇಲೆ ಥಳಥಳ ಚಿನ್ನದ ಬಣ್ಣ. ಕನ್ನಡಕ ಇದೆ, ಬೈತಲೆ ಇದೆ, ಜೇಬಿನಲ್ಲಿ ಪೆನ್ನೂ ಇದೆ. ಮೇಷ್ಟ್ರು ಇಲ್ಲ.

ನಮ್ಮ ಮೇಷ್ಟ್ರಿಗೆ ಎಡಗಿವಿ ಮಂದ. ಯಾರಾದರೂ ಮಾತಾಡಿದರೆ ಮುಖ ಒಂದಿಷ್ಟು ತಿರುಗಿಸಿ, ಕತ್ತು ಬಾಗಿಸಿ, ಬಲಗಿವಿ ಮುಂದೆ ಮಾಡುತ್ತಿದ್ದರು. ಕೊನೇ ಬೆಂಚಿನವನು ತಪ್ಪು ಉತ್ತರ ಹೇಳಿದರೂ ಹಾಗೇ ಬಾಗಿ ಕೇಳೋರು. ಮೂವತ್ತು ವರ್ಷ ಅವರ ಕೈಲಿ ಓದಿದವರಿಗೆಲ್ಲ ಅವರು ಅಂದರೆ ಆ ಕತ್ತು. ಪ್ರತಿಮೆ ಮಾಡಿದವರಿಗೆ ಸಮಿತಿಯವರು ಕೊಟ್ಟಿದ್ದು ಒಂದೇ ಒಂದು ಪಾಸ್‌ಪೋರ್ಟ್ ಫೋಟೋ. ಸ್ಟುಡಿಯೋದವನು 'ತಲೆ ನೇರ ಇಟ್ಕೊಳ್ಳಿ ಸಾರ್' ಅಂದಿರುತ್ತಾನೆ, ಇವರು ಇಟ್ಟುಕೊಂಡಿರುತ್ತಾರೆ. ಈಗ ಅದೇ ಶಾಶ್ವತ.

ನಾನು ಗೊಣಗಿದ್ದಕ್ಕೆ ಪಕ್ಕದಲ್ಲಿದ್ದವರು, "ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲಯ್ಯಾ" ಅಂದರು.

ಅದೇ ಸ್ವಾಮಿ ನನ್ನ ತಕರಾರು.

ರಾಮಕಿಂಕರ್ ಬೈಜ್ ಹೆಸರು ಕೇಳಿರುತ್ತೀರಿ. 1906ರಲ್ಲಿ ಬಂಗಾಳದ ಬಾಂಕುರಾದಲ್ಲಿ ಕ್ಷೌರಿಕರ ಮನೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಬದುಕಿದ ಶಿಲ್ಪಿ. ಟಾಗೋರರ ತಲೆಯನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಮಾಡಿದರು. ಒಂದರಲ್ಲಿ ಮುಖ ಬರೀ ಕೋನ, ಹಳ್ಳ, ದಿಬ್ಬ. ಇದು ಯಾರು ಅಂತ ಅರೆಕ್ಷಣ ಯೋಚಿಸಬೇಕು. ಇನ್ನೊಂದು ಕವಿಯ ಕೊನೆಗಾಲದ್ದು. ತಲೆ ಮುಂದಕ್ಕೆ ಬಾಗಿದೆ, ಗಡ್ಡ ಎದೆಗೆ ಇಳಿದು ಕರಗಿಹೋಗಿದೆ, ಮಣ್ಣಿನ ಉಂಡೆ ಒತ್ತಿದ ಗುರುತು ಹಾಗ್ಹಾಗೇ ಉಳಿದಿದೆ. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಆಸ್ತಿಯಲ್ಲಿ ರಾಮಕಿಂಕರರ ಕೆಲಸಗಳು ಬೇಕಾದಷ್ಟಿವೆ. ಕ್ಯಾಲೆಂಡರಿನ ಗುರುದೇವ ಅಲ್ಲಿ ಸಿಗಲ್ಲ. 1941ರಲ್ಲಿ ತೀರಿಕೊಂಡ ಒಬ್ಬ ದಣಿದ ಮುದುಕ ಸಿಗುತ್ತಾನೆ. ಆ ಬಾಗಿದ ಕತ್ತು ನೋಡಿದಾಗ ನನಗೆ ನೆನಪಾಗಿದ್ದು ಮೇಷ್ಟ್ರು, ಇನ್ನೇನು ಹೇಳಲಿ...

ನಮ್ಮ ಸಮಿತಿಯಂಥವರು ಎಲ್ಲ ಕಡೆ ಇದ್ದಾರೆ ಬಿಡಿ. ಹಂಗೇರಿಯ ಬಾಲಟನ್‌ಫ್ಯೂರೆಡ್ ಎಂಬ ಊರಲ್ಲಿ, 1926ರಲ್ಲಿ ಟಾಗೋರರು ಹೃದಯದ ಚಿಕಿತ್ಸೆ ಪಡೆದು ಗಿಡ ನೆಟ್ಟ ಜಾಗದಲ್ಲಿ, ರಾಮಕಿಂಕರ್ ಮಾಡಿದ ಬಸ್ಟನ್ನೇ ಇಟ್ಟಿದ್ದರು. ಗುರುದೇವರ ಹಾಗೆ ಕಾಣಲ್ಲ ಅಂತ ನಮ್ಮವರೇ ತಗಾದೆ ತೆಗೆದರು. ಕೊನೆಗೆ ಅದನ್ನು ಅಲ್ಲಿಂದ ಎತ್ತಿ, 'ಹಾಗೇ ಕಾಣುವ' ಇನ್ನೊಂದನ್ನು ತಂದು ನಿಲ್ಲಿಸಿದರು. ಕವಿಯನ್ನು ಕಣ್ಣಾರೆ ಕಂಡು ಮಾಡಿದವನಿಗಿಂತ ಫೋಟೋ ಕಂಡವರ ಮಾತಿಗೇ ತೂಕ!

'ಕಂಚಿಗೆ ದುಡ್ಡು ಎಲ್ಲಿಂದ ತರೋಣ' ಅಂತ ಸಮಿತಿಯ ಖಜಾಂಚಿ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ರಾಮಕಿಂಕರರ ಬಳಿಯೂ ದುಡ್ಡಿರಲಿಲ್ಲ. 1938ರ 'ಸಂಥಾಲ್ ಕುಟುಂಬ'ವನ್ನು ಅವರು ಮಾಡಿದ್ದು ಸಿಮೆಂಟು, ಜಲ್ಲಿಯಲ್ಲಿ. ಕಂಚು ಕೊನೆಗೆ ಬರುವ ಮಾತು. ಮೊದಲು ಮಣ್ಣು, ಅದರ ಮೇಲೆ ಪ್ಲಾಸ್ಟರ್ ಅಚ್ಚು, ಅಚ್ಚಿನೊಳಗೆ ಮೇಣ, ಮೇಣ ಕರಗಿ ಹೋದ ಜಾಗಕ್ಕೆ ಲೋಹ. ಮಣ್ಣಿನಲ್ಲಿ ಬೆರಳು ಏನು ಮಾಡಿತೋ ಕಂಚು ಅದನ್ನೇ ಹಿಡಿಯೋದು. ಮಣ್ಣಿನಲ್ಲೇ ಮನುಷ್ಯ ಇಲ್ಲದಿದ್ದರೆ ಬಂಗಾರ ಸುರಿದರೂ ಬರಲ್ಲ.

ಮಣ್ಣಿಗೇನು ನಮ್ಮಲ್ಲಿ ಬರ? ಕುಣಿಗಲ್ಲಿಂದ ತುಮಕೂರಿಗೆ ಬರುವಾಗ ಗೂಳೂರು ಸಿಗುತ್ತದಲ್ಲ, ಅಲ್ಲಿ ವರ್ಷವರ್ಷ ಮಣ್ಣಲ್ಲೇ ಆಳೆತ್ತರ ಮೀರಿದ ಗಣಪನನ್ನು ಮಾಡಿ, ದೀಪಾವಳಿಯಿಂದ ಕಾರ್ತಿಕ ಮುಗಿಯೋವರೆಗೆ ಪೂಜಿಸಿ ಕೆರೆಗೆ ಬಿಡುತ್ತಾರೆ. ಇಂಥ ಕೈಗಳಿರುವ ಜಿಲ್ಲೆಯಲ್ಲಿ ಮೇಷ್ಟ್ರ ಮುಖಕ್ಕೆ ಮಾತ್ರ ಕ್ಯಾಟಲಾಗ್ ನೋಡಿ ಆರ್ಡರ್ ಕೊಡುತ್ತೇವೆ.

ನನಗೆ ಭಯ ಗುಬ್ಬಿ ವೀರಣ್ಣನವರದ್ದು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ, ಸರಿ. ನಾಳೆ ಯಾರೋ ಒಂದು ಸಮಿತಿ ಮಾಡಿಕೊಂಡು ಅವರದ್ದೂ ಒಂದು ಚಿನ್ನದ ತಲೆ ತಂದು ನಿಲ್ಲಿಸಿದರೆ? 1891ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಬಣ್ಣ ಹಚ್ಚಿ, 'ಸದಾರಮೆ'ಯ ಕಳ್ಳನಾಗಿ ಜನರನ್ನು ನಗಿಸಿ, 1972ರಲ್ಲಿ ತೀರಿಕೊಂಡ ಮನುಷ್ಯ. ರಾತ್ರಿಗೊಂದು ಮುಖ ಹೊತ್ತವರನ್ನು ಪೇಟ, ಶಾಲು, ಗಂಭೀರ ಹುಬ್ಬಿನಲ್ಲಿ ಕಟ್ಟಿಹಾಕಿದರೆ ಅದು ಯಾರ ಪ್ರತಿಮೆ?

'ಸತ್ತವರನ್ನು ಎದುರು ಕೂರಿಸಿಕೊಳ್ಳೋಕಾಗುತ್ತಾ' ಅಂತೀರಾ. ರೋಡಾನ್‌ಗೆ ಬಾಲ್ಜಾಕನ ಪ್ರತಿಮೆಯ ಕೆಲಸ ಬಂದಿದ್ದೂ 1891ರಲ್ಲೇ. ಬಾಲ್ಜಾಕ್ ಸತ್ತು ಆಗಲೇ ನಲವತ್ತೊಂದು ವರ್ಷ. ರೋಡಾನ್ ಅವನ ಸೀಮೆಗೆ ಹೋಗಿ ಅಂಥದೇ ಮೈಕಟ್ಟಿನವರನ್ನು ಹುಡುಕಿದ, ಬಾಲ್ಜಾಕನ ಅಳತೆಗೆ ಬಟ್ಟೆ ಹೊಲಿಸಿದ, ವರ್ಷಗಟ್ಟಲೆ ಒದ್ದಾಡಿದ. ಕೊನೆಗೆ 1898ರಲ್ಲಿ ಮಾಡಿಸಿದವರೇ ಬೇಡ ಅಂದರು. ಕಂಚಿಗೆ ಎರಕ ಆಗಿದ್ದು ರೋಡಾನ್ ಸತ್ತ ಮೇಲೆ. ಅಲ್ಲೂ ಒಂದು ಸಮಿತಿ ಇತ್ತು, ನೋಡಿ :)

ಅಷ್ಟೆಲ್ಲ ಬೇಡ. ಮುಂದಿನ ಸಲ ನಿಮ್ಮೂರಿನ ಸಮಿತಿ ಫೋಟೋ ಕೇಳಿದರೆ ಒಂದು ಕೊಡಬೇಡಿ, ಮೂವತ್ತು ಕೊಡಿ. ಮದುವೆ ಊಟದ್ದು, ಸ್ಕೂಲ್ ಡೇದು, ಯಾರೋ ತಿಳಿಯದ ಹಾಗೆ ತೆಗೆದಿದ್ದು. ಜೊತೆಗೆ ಅವರ ಹತ್ತಿರ ಬೈಸಿಕೊಂಡ ಇಬ್ಬರನ್ನು ಶಿಲ್ಪಿ ಎದುರು ಕೂರಿಸಿ ಮಾತಾಡಿಸಿ.

ನಮ್ಮ ಮೇಷ್ಟ್ರು ಕತ್ತು ಬಾಗಿಸಿ ನಿಂತಿರುವ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಸಮಿತಿಯವರಿಗೆ ತೋರಿಸಬೇಕು. ಯಾವ ಮೇಷ್ಟ್ರು ಅಂತ ನಮ್ಮ ಶಾಲೆಯವರಿಗೆ ಕತ್ತಿನಿಂದಲೇ ಗೊತ್ತಾಗುತ್ತೆ.