ಬಾಲ್ಯವನ್ನು ಮುಚ್ಚಿಡಬೇಡಿ



ಈ ಸಲದ ಸಂಪಾದಕೀಯದಲ್ಲಿ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ಯಾರ ಬಗ್ಗೆ ಹೇಳುತ್ತಿದ್ದೇನೋ ಅವಳೇ ಓದಿ ಒಪ್ಪಿದ ಮೇಲೆ ಅಚ್ಚಿಗೆ ಕೊಟ್ಟಿದ್ದೇನೆ. ಹೆಸರು ಬೇಡ ಎಂದಳು, ಹಾಕಿಲ್ಲ.

ನನ್ನ ತಂಗಿಗೆ ಈಗ 43 ವರ್ಷ. ಲೆಕ್ಕಪತ್ರ ಬರೆಯುವ ಕಾಯಕ ಅವಳದು. 26ನೆಯ ವಯಸ್ಸಿನಿಂದ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾಳೆ. ಮೊದಲು ಖಿನ್ನತೆ ಎಂದರು, ಆಮೇಲೆ ಆತಂಕದ ಕಾಯಿಲೆಯನ್ನೂ ಸೇರಿಸಿದರು. ಎರಡೂ ಸುಳ್ಳಲ್ಲ. ಗುಳಿಗೆ ತೆಗೆದುಕೊಂಡ ಮೇಲೆ ಅವಳಿಗೆ ನಿದ್ದೆ ಬಂತು, ಬದುಕುವ ಮನಸ್ಸೂ ಬಂತು. ಆದರೆ ಖಿನ್ನತೆ ಇಳಿದ ಮೇಲೂ ಏನೋ ಒಂದು ಇಳಿಯದೆ ಉಳಿಯಿತು. ನಾಲ್ಕು ಜನ ಸೇರಿದ ಕಡೆ ಅರ್ಧ ತಾಸು ಕುಳಿತು ಬಂದರೆ ಮರುದಿನ ಏಳಲಾಗುತ್ತಿರಲಿಲ್ಲ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹೇಳದೆ ಕೇಳದೆ ಮನೆಗೆ ನೆಂಟರು ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಳೆದ ವರ್ಷ ಒಂದು ದಿನ ಬಂದು, "ಅಣ್ಣಾ, ನಾ ಆಟಿಸಂ ಪರೀಕ್ಷಾ ಮಾಡಿಸ್ಕೋಬೇಕು ಅಂತ ಮಾಡೀನಿ" ಎಂದಳು.

ನಾನು ಕೊಟ್ಟ ಉತ್ತರವನ್ನು ಬರೆಯಲು ನಾಚಿಕೆಯಾಗುತ್ತದೆ. "ಅದು ಸಣ್ಣ ಹುಡುಗರಿಗೆ ಇರೋದು. ಇರೋ ರೋಗ ಸಾಲದೂಂತ ಇನ್ನೊಂದು ಯಾಕ ಹಚ್ಕೋತಿ?" ಎಂದೆ. ಅವಳು ಮೂರು ತಿಂಗಳು ಆ ಮಾತು ಎತ್ತಲಿಲ್ಲ. ಇಪ್ಪತ್ತು ವರ್ಷದಿಂದ ಈ ಪತ್ರಿಕೆಯಲ್ಲಿ ಮೌಢ್ಯದ ವಿರುದ್ಧ ಬರೆಯುತ್ತಿರುವವನು ನಾನು. ಗೊತ್ತಿಲ್ಲದ ವಿಷಯವನ್ನು ಗೊತ್ತಿದ್ದವನಂತೆ ತಳ್ಳಿಹಾಕಿದ್ದೆ.

ಆಟಿಸಂ ಎಂದರೆ, ನಮ್ಮಲ್ಲಿ ಸ್ವಲೀನತೆ ಎಂದೂ ಕರೆಯುತ್ತಾರೆ, ನಡುವಯಸ್ಸಿನಲ್ಲಿ ಬಂದು ಅಂಟುವ ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ ಅದು. ಹುಟ್ಟಿನಿಂದ ಕೊನೆಯವರೆಗೂ ಇರುತ್ತದೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಮೊದಲಿಗೆ ವಿವರಿಸಿದ್ದು ಮಕ್ಕಳಲ್ಲಿ. ಅದಕ್ಕೇ ಅದು ಮಕ್ಕಳ ವಿಷಯವೆಂಬ ಭಾವನೆ ಉಳಿದುಬಿಟ್ಟಿದೆ. ಆ ಮಕ್ಕಳು ದೊಡ್ಡವರಾಗುತ್ತಾರೆ ಎಂಬುದನ್ನು ನಾವು ಮರೆತೆವು. ಚೆನ್ನಾಗಿ ಮಾತಾಡುವವರಲ್ಲಿ, ಓದಿನಲ್ಲಿ ಮುಂದಿರುವವರಲ್ಲಿಯೂ ಇದು ಇರಬಹುದೆಂದು 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಬರೆದರು. ಆಕೆ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿ ಕೂಡ. ನನ್ನ ತಂಗಿ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಈ ತಿಳಿವಳಿಕೆ ನಮ್ಮ ತಾಲ್ಲೂಕಿನವರೆಗೆ ಬಂದಿರಲಿಲ್ಲ. ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ ಹೇಳಿದ್ದ 7 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ಅದೂ ಇದೆ, ಮಾನಸಿಕ ಕಾಯಿಲೆಯೂ ಇದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ ಎಂಬುದನ್ನು ಗಮನಿಸಬೇಕು.

ಬೇರೆ ಬೇರೆ ನಿಜ, ಆದರೆ ಒಬ್ಬರಲ್ಲೇ ಎರಡೂ ಇರಬಹುದು. ಖಿನ್ನತೆ, ಆತಂಕ ಆಟಿಸಂ ಇರುವವರಲ್ಲಿ ಬಹಳವಾಗಿ ಕಾಣುತ್ತವೆ. ಒಂದು ಹೆಸರು ಸಿಕ್ಕಿದೆಯೆಂದು ಇನ್ನೊಂದನ್ನು ಹುಡುಕದೆ ಬಿಟ್ಟರೆ ಅರ್ಧ ಮನುಷ್ಯನಿಗೆ ಮಾತ್ರ ಚಿಕಿತ್ಸೆ ಮಾಡಿದಂತೆ. ವೈದ್ಯಶಾಸ್ತ್ರವೂ ಇದನ್ನು ನಿಧಾನವಾಗಿಯೇ ಕಲಿತಿದೆ. ಆಟಿಸಂ ಇದ್ದವರಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಕೂಡ ಇದೆಯೆಂದು ಬರೆಯಲು ಅಮೆರಿಕದ ಮನೋವೈದ್ಯರ ಕೈಪಿಡಿ 2013ರವರೆಗೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ತಪ್ಪು ಓದು ಹೇಗಾಗುತ್ತದೆ ಎನ್ನುವುದಕ್ಕೆ ನಮ್ಮ ಮನೆಯದೇ ಒಂದು ಪ್ರಸಂಗ. ಬಹಳ ಹಿಂದೆ ಒಬ್ಬ ವೈದ್ಯರು, "ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ?" ಎಂದು ಕೇಳಿದರು. ತಂಗಿ "ಹೌದು" ಎಂದಳು. ಅವಳ ಕೋಣೆಯ ಗೋಡೆಯಾಚೆ ಪಕ್ಕದ ಮನೆಯವರ ಟಿ.ವಿ. ಇತ್ತು, ಒಬ್ಬಳೇ ಇದ್ದಾಗ ಅದು ಕೇಳುತ್ತಿತ್ತು. ಕೇಳಿದ ಪ್ರಶ್ನೆಗೆ ಅವಳು ಅಕ್ಷರಶಃ ಸರಿಯಾದ ಉತ್ತರ ಕೊಟ್ಟಳು. ಅದರ ಫಲವಾಗಿ ಕೆಲವು ತಿಂಗಳು ಬೇಡದ ಗುಳಿಗೆ ನುಂಗಿದಳು. "ಮನಸ್ಸಿಗೆ ಹೇಗನಿಸುತ್ತದೆ" ಎಂದು ಕೇಳಿದಾಗಲೆಲ್ಲ "ಗೊತ್ತಿಲ್ಲ" ಎನ್ನುತ್ತಿದ್ದಳು. ಸಹಕರಿಸುವುದಿಲ್ಲ ಎಂದು ನಾವು ಗದರುತ್ತಿದ್ದೆವು. ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಒಳಗಿನ ಭಾವಕ್ಕೆ ಹೆಸರು ಹುಡುಕುವುದು ಆಟಿಸಂ ಇರುವ ಅನೇಕರಿಗೆ ಕಷ್ಟ.

ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಮರೆಯಾಗುತ್ತದೆ. ಎದುರಿಗಿದ್ದವರು ನಕ್ಕಾಗ ನಗಬೇಕು, ಬಂದವರನ್ನು ಹೀಗೆ ಮಾತಾಡಿಸಬೇಕು ಎಂದು ನೋಡಿ ನೋಡಿ ಕಲಿತು ಅಭಿನಯಿಸುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ತರಬೇತಿಯೂ ಜೋರು. ನೆಲ ನೋಡಿ ನಡೆಯುವ, ಹೆಚ್ಚು ಮಾತಾಡದ ಹುಡುಗಿಯನ್ನು ಸುಸಂಸ್ಕೃತೆ ಎಂದು ಹೊಗಳುತ್ತೇವೆ, ಅವಳಿಗೇನೋ ಕಷ್ಟವಿದೆಯೆಂದು ತಿಳಿಯುವುದಿಲ್ಲ. ಮದುವೆಯಾಗಿ ಹೊಸ ಮನೆಗೆ ಹೋದಾಗ ಅಭಿನಯದ ಹೊರೆ ತಡೆಯಲಾಗದೆ ಕುಸಿಯುತ್ತಾರೆ. ತಂಗಿಯ ಸಂಸಾರ ಎರಡು ವರ್ಷ ನಡೆಯಿತು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಕೊನೆಗೆ ಅವಳು ಒಬ್ಬಳೇ ಹೋಗಿ ವೈದ್ಯರನ್ನು ಕಂಡಳು. ಈ ಪರೀಕ್ಷೆಗೆ ರಕ್ತ ತೆಗೆಯುವುದಿಲ್ಲ, ಸ್ಕ್ಯಾನಿನಲ್ಲಿ ಇದು ಕಾಣುವುದೂ ಇಲ್ಲ. ಹಲವು ಸಲ ಕೂರಿಸಿ ಮಾತಾಡುತ್ತಾರೆ, ಗಮನಿಸುತ್ತಾರೆ, ಬಾಲ್ಯದ ಕಥೆ ಕೇಳುತ್ತಾರೆ. ಎರಡನೆಯ ಭೇಟಿಯಲ್ಲಿ ವೈದ್ಯರು ಕೇಳಿದ್ದು ಒಂದೇ: "ನೀವು ಚಿಕ್ಕವರಿದ್ದಾಗ ನೋಡಿದವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ." ಯಾಕೆಂದರೆ ಜನರ ಭಯವಿರುವವರು, ಮನಸ್ಸಿಗೆ ಪೆಟ್ಟು ಬಿದ್ದವರು, ಮಾಡಿದ್ದನ್ನೇ ಮಾಡುವ ಗೀಳಿನ ಕಾಯಿಲೆಯವರು ಕೂಡ ಮೇಲ್ನೋಟಕ್ಕೆ ಹೀಗೆಯೇ ಕಾಣಬಹುದು. ಗೀಳಿನವರಿಗೆ ಆ ಪುನರಾವರ್ತನೆ ಬೇಡವಾದ ಪೀಡೆ. ಆಟಿಸಂ ಇದ್ದವರಿಗೆ ಸಾಮಾನ್ಯವಾಗಿ ಅದೇ ನೆಮ್ಮದಿ. ಖಿನ್ನತೆ ಒಂದು ವಯಸ್ಸಿನಲ್ಲಿ ಶುರುವಾಗುತ್ತದೆ. ಆಟಿಸಂ ಆದರೆ ಅದರ ಗುರುತು ಐದಾರು ವರ್ಷದ ಮಗುವಿನಲ್ಲೂ ಇರಬೇಕು. ಆ ಮಗುವನ್ನು ಕಂಡವರು ಈಗ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ. ಅವಳಿಗೆ 74.

ಅವ್ವನನ್ನು ನಾನೇ ಕರೆದುಕೊಂಡು ಹೋದೆ. ವೈದ್ಯರು ಏನು ಕೇಳಿದರೂ ಅವಳದು ಒಂದೇ ಮಾತು: "ಎಲ್ಲಾ ಹುಡುಗರಂಗ ಇದ್ಲರೀ." ತಂಗಿ ತಲೆ ತಗ್ಗಿಸಿ ಕುಳಿತಿದ್ದಳು. ಹೊರಗೆ ಬಂದ ಮೇಲೆ ನಾನು, "ಅವ್ವಾ, ಖರೇ ಹೇಳು" ಎಂದೆ. ಅವ್ವ ಅಂದಳು: "ಯಪ್ಪಾ, ಮದಿವಿ ಆಗೂದ್ಹೆಂಗಂತ ನಲವತ್ತು ವರ್ಷ ಮುಚ್ಚಿಟ್ಟೀನಿ. ಈಗ ಒಮ್ಮೆಲೆ ಬಾಯಿ ಬಿಡು ಅಂದ್ರ ಹೆಂಗ ಬಿಡ್ಲಿ?"

ಮರುವಾರ ಮತ್ತೆ ಹೋದೆವು. ಈ ಸಲ ಅವ್ವ ಒಂದು ತಾಸು ಮಾತಾಡಿದಳು. ತೇರಿನ ದಿನ ಬಾಜಾ ಬಾರಿಸಿದರೆ ಹುಡುಗಿ ಜೋಳದ ಚೀಲಗಳ ಸಂದಿಯಲ್ಲಿ ಅಡಗುತ್ತಿದ್ದದ್ದು, ಹೊಸ ಅಂಗಿ ಮೈಗೆ ಚುಚ್ಚುತ್ತದೆಂದು ಕಿತ್ತೆಸೆಯುತ್ತಿದ್ದದ್ದು, ತಾಟಿನಲ್ಲಿ ಪಲ್ಯ ಅನ್ನಕ್ಕೆ ತಾಗಿದರೆ ಉಣ್ಣದೆ ಏಳುತ್ತಿದ್ದದ್ದು, ಓಣಿಯ ಹುಡುಗಿಯರು ಆಡುವಾಗ ದೂರ ಕುಳಿತು ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದದ್ದು. ಶನಿಕಾಟವೆಂದು ಯಾರೋ ಹೇಳಿದ್ದಕ್ಕೆ ತಾಯಿತ ಕಟ್ಟಿಸಿದ್ದನ್ನೂ ಹೇಳಿದಳು. ಅಪ್ಪ ಬಸವತತ್ತ್ವದವರು, ಅವರಿಗೆ ಗೊತ್ತಾಗದಂತೆ ಕಟ್ಟಿಸಿದ್ದಳಂತೆ. ಇದ್ಯಾವುದೂ ತಂಗಿಗೆ ನೆನಪಿರಲಿಲ್ಲ. ತನ್ನ ಕಥೆಯನ್ನು 43ನೆಯ ವಯಸ್ಸಿನಲ್ಲಿ ಮೊದಲ ಸಲ ಕೇಳಿದಳು.

ಆಟಿಸಂ ಇದೆ, ಆತಂಕವೂ ಇದೆ ಎಂದು ವೈದ್ಯರು ಬರೆದರು. ಆತಂಕದ ಗುಳಿಗೆ ಮುಂದುವರಿದಿದೆ. ಹೊಸ ಹೆಸರು ಸಿಕ್ಕಿತೆಂದು ಹಳೆಯ ಔಷಧಿಯನ್ನು ತಾವಾಗಿ ಬಿಡುವುದು ಅಪಾಯ. ಆಟಿಸಂಗೆ ಗುಳಿಗೆಯಿಲ್ಲ, ಗುಣಪಡಿಸುತ್ತೇವೆಂದು ಹಣ ಕೇಳುವವರ ಹತ್ತಿರ ಹೋಗಬೇಡಿ. ಹಾಗಾದರೆ ಹೆಸರಿನಿಂದ ಏನು ಬಂತು ಎಂದು ಕೇಳುವವರಿದ್ದಾರೆ. ಅವಳು ಸಂತೆಗೆ ಈಗ ಬೆಳಿಗ್ಗೆ ಏಳಕ್ಕೇ, ಜನ ಸೇರುವ ಮೊದಲು ಹೋಗಿ ಬರುತ್ತಾಳೆ. ಕಚೇರಿಯಲ್ಲಿ ಮೂಲೆಯ ಮೇಜು ಕೇಳಿ ಪಡೆದಿದ್ದಾಳೆ. ತಾನು ಸೋಮಾರಿ, ಸೊಕ್ಕಿನವಳು ಎಂದು 17 ವರ್ಷ ತನ್ನನ್ನು ತಾನೇ ಬೈದುಕೊಂಡದ್ದನ್ನು ನಿಲ್ಲಿಸಿದ್ದಾಳೆ. ಪರೀಕ್ಷೆಯಲ್ಲಿ "ಇಲ್ಲ" ಎಂದು ಬಂದಿದ್ದರೂ ಅದಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಪ್ರಮಾಣಪತ್ರದ ವಿಷಯವೇ ಬೇರೆ. ಅದಕ್ಕೆ 40 ಅಂಶಗಳ ಭಾರತೀಯ ಮಾಪನವಿದೆ. ಅವಳು ಅದನ್ನು ಕೇಳಲಿಲ್ಲ.

ಇನ್ನು ನಮ್ಮ ಮಾತು. ಈ ತಂಗಿ ಪ್ರತಿದಿನ ನಸುಕಿನ ಐದೂವರೆಗೆ ಇಷ್ಟಲಿಂಗ ಪೂಜೆಗೆ ಕೂರುತ್ತಾಳೆ. ನಾನು ಕಂಡಂತೆ ತಪ್ಪಿಸಿದ್ದಿಲ್ಲ. ಆದರೆ ಮಠದ ಸಾಮೂಹಿಕ ಪ್ರಾರ್ಥನೆಗೆ ಬರುವುದಿಲ್ಲ. ಅದಕ್ಕೆ ನಾವು ಇಟ್ಟ ಹೆಸರು ಭಕ್ತಿಯ ಕೊರತೆ, ಸಂಸ್ಕಾರದ ಕೊರತೆ. ಪೂರ್ವಜನ್ಮದ ಕರ್ಮವನ್ನು ಒಪ್ಪದ ನಾವು ಅದೇ ಜಾಗದಲ್ಲಿ ಸಂಸ್ಕಾರ ಎಂಬ ಪದವನ್ನು ತಂದು ಕೂರಿಸಿದ್ದೇವೆಯೇ ಎಂಬ ಅನುಮಾನ ನನಗೆ ಬಂದಿದೆ. ಎಲ್ಲರನ್ನೂ ನಮ್ಮವರೆಂದುಕೊಳ್ಳಬೇಕೆಂಬ ಬಸವಣ್ಣನವರ ವಚನವನ್ನು ನಾವು ಹೇಳುವುದು ನಾಲ್ಕು ದೊಡ್ಡ ಧ್ವನಿವರ್ಧಕ ಕಟ್ಟಿ. ಅದರಡಿಯಲ್ಲಿ ಕೂರಲಾಗದವರು ಮನೆಯಲ್ಲಿ ಉಳಿಯುತ್ತಾರೆ. (ಈಚೆಗೆ ಒಬ್ಬರು, ಅಕ್ಕಮಹಾದೇವಿಯವರಿಗೂ ಆಟಿಸಂ ಇದ್ದಿರಬಹುದಲ್ಲವೇ ಎಂದು ಕೇಳಿದರು. 800 ವರ್ಷದ ಹಿಂದಿನವರಿಗೆ ಔಷಧ ಚೀಟಿ ಬರೆಯುವ ಚಟ ಬೇಡ. ಬದುಕಿರುವವರನ್ನು ನೋಡಿಕೊಳ್ಳೋಣ.)

ಓದುಗರಲ್ಲಿ ಹಿರಿಯ ತಾಯಂದಿರು, ತಂದೆಯರು ಬಹಳ ಮಂದಿ ಇದ್ದೀರಿ. ನಿಮ್ಮ ಮಗನೋ ಮಗಳೋ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಬಂದು, ನಾನು ಸಣ್ಣವಿದ್ದಾಗ ಹೇಗಿದ್ದೆ ಎಂದು ಕೇಳಿದರೆ ಎಲ್ಲರಂತೆ ಇದ್ದೆ ಎಂದು ಸಾಗಹಾಕಬೇಡಿ. ನಿಮ್ಮನ್ನು ದೂರುವುದಕ್ಕೆ ಕೇಳುತ್ತಿಲ್ಲ. ಆಟಿಸಂ ತಾಯಿ ಬೆಳೆಸಿದ ರೀತಿಯಿಂದ ಬರುವುದಲ್ಲ. ಹಾಗೆಂದು ಒಂದು ಕಾಲಕ್ಕೆ ವೈದ್ಯರೇ ಹೇಳಿದ್ದುಂಟು, ಅದು ತಪ್ಪೆಂದು ತೀರ್ಮಾನವಾಗಿ ದಶಕಗಳಾದವು. ಹಳೆಯ ಶಾಲೆಯ ಅಂಕಪಟ್ಟಿ, ಮಾಸ್ತರರು ಬರೆದ ಷರಾ ಇದ್ದರೆ ತೆಗೆದಿಡಿ. ನೀವು ಇರುವಾಗಲೇ ಹೇಳಿ. ವಧು-ವರರ ಸಮಾವೇಶ ನಡೆಸುವ ನಮ್ಮ ಸಂಘಗಳವರೂ, ಮುಚ್ಚಿಟ್ಟು ಮಾಡಿದ ಮದುವೆಗಳು ಏನಾದವೆಂದು ಒಮ್ಮೆ ಲೆಕ್ಕ ಹಾಕಲಿ.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಆರಂಭಿಸಿ. ಮನಸ್ಸಿನ ಕಷ್ಟ ತಡೆಯಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ.

ನಮ್ಮ ಮಠದ ಪೂಜ್ಯರಲ್ಲಿ ಇದನ್ನೆಲ್ಲ ನಿವೇದಿಸಿಕೊಂಡೆ. ಬರುವ ತಿಂಗಳ ಶಿವಾನುಭವದ ದಿನ ಗ್ರಂಥಾಲಯದ ಕೋಣೆ ತೆರೆದಿರುತ್ತದೆ. ಅಲ್ಲಿ ಮೈಕಿನ ಪೆಟ್ಟಿಗೆ ಇರುವುದಿಲ್ಲ, ಕಿಟಕಿಯಿಂದ ಪ್ರವಚನ ತಕ್ಕಷ್ಟು ಕೇಳುತ್ತದೆ. ಪ್ರಸಾದವನ್ನು ಪಂಕ್ತಿಗೆ ಬರಲಾಗದವರು ಅಲ್ಲೇ ತೆಗೆದುಕೊಳ್ಳಬಹುದು, ಯಾಕೆಂದು ಯಾರೂ ವಿಚಾರಿಸುವುದಿಲ್ಲ. ಕಾರ್ಯಕ್ರಮ ಆರಕ್ಕೆ ಎಂದರೆ ಆರಕ್ಕೇ ಶುರು. ತಂಗಿಗೆ ಈ ವಿಷಯ ತಿಳಿಸಿದ್ದೇನೆ. ಬರುತ್ತೇನೆಂದು ಅವಳು ಹೇಳಿಲ್ಲ, ನಾನೂ ಒತ್ತಾಯ ಮಾಡಿಲ್ಲ.