ನರ್ಸಿಂಗ್ ಹೋಮು: ಮುಂದೆ ಗ್ರಾನೈಟು, ಹಿಂದೆ ಏನು?

ಜಿಲ್ಲಾ ಕೇಂದ್ರ ಅಂತ ಹೆಸರು ಪಡೆದ ರಾಜ್ಯದ ಯಾವ ಊರಾದರೂ ಸರಿ, ಬಸ್ ಸ್ಟ್ಯಾಂಡಿನಿಂದ ಸರಕಾರಿ ದೊಡ್ಡಾಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಒಮ್ಮೆ ನಡೆದು ನೋಡಬೇಕು. ಎಡಕ್ಕೊಂದು ನರ್ಸಿಂಗ್ ಹೋಮು, ಬಲಕ್ಕೊಂದು ನರ್ಸಿಂಗ್ ಹೋಮು. ಮೊದಲು ಅಕ್ಕಿ ಮಂಡಿ ಇದ್ದ ಕಡೆ ಹೆರಿಗೆ ಆಸ್ಪತ್ರೆ, ಲಾಡ್ಜು ಇದ್ದ ಕಡೆ ಮೂಳೆ ಆಸ್ಪತ್ರೆ. ಕೆಳಗೆ ಔಷಧಿ ಅಂಗಡಿ, ಲ್ಯಾಬು. ಮೇಲೆ ವಾರ್ಡು. ಅದಕ್ಕೂ ಮೇಲೆ ಡಾಕ್ಟರ ಮನೆ. ಜನಕ್ಕೆ ಇವು ಬೇಕೇ ಬೇಕು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಸಾಕಾದವನು, ಕೈಯಲ್ಲಿ ನಾಲ್ಕು ಕಾಸು ಇರಲಿ ಇಲ್ಲದಿರಲಿ, ಕೊನೆಗೆ ಬರುವುದು ಇಲ್ಲಿಗೇ.

ಹಾಗೆ ಬಂದವನು ಇಷ್ಟೊಂದು ಬೋರ್ಡುಗಳಲ್ಲಿ ಒಂದನ್ನು ಹೇಗೆ ಆರಿಸಿಕೊಳ್ಳುತ್ತಾನೆ? "ಅಲ್ಲಿ ಭಾಳ ಕ್ಲೀನು ಕಣ್ರೀ, ನೆಲ ಕನ್ನಡಿ ಇದ್ದಂಗಿದೆ" ಅಂತ ಪಕ್ಕದ ಮನೆಯಾಕೆ ಹೇಳುತ್ತಾರೆ. "ಡಾಕ್ಟ್ರ ಕೈಗುಣ ಚೆನ್ನಾಗಿದೆ" ಅನ್ನುತ್ತಾರೆ ಬೀಗರು. "ನಮ್ಮ ಪೈಕಿಯವರೇ, ಬಿಲ್ಲಿನಲ್ಲಿ ನೋಡ್ಕೋತಾರೆ" ಅಂತ ಊರ ಹಿರಿಯರ ಶಿಫಾರಸು. ಈಚೆಗೆ ಮೊಬೈಲಿನಲ್ಲಿ ಐದು ನಕ್ಷತ್ರ ಎಣಿಸಿ ಹೊರಡುವವರೂ ಉಂಟು. ಕೈಗುಣದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಗ್ರಾನೈಟಾಗಲಿ, ಜಾತಿಯಾಗಲಿ, ನಕ್ಷತ್ರವಾಗಲಿ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ: ರಾತ್ರಿ ಎರಡು ಗಂಟೆಗೆ ಏನಾದರೂ ಹೆಚ್ಚುಕಡಿಮೆ ಆದರೆ ಅಲ್ಲಿ ಯಾರಿರುತ್ತಾರೆ, ಏನಿರುತ್ತದೆ? ನರ್ಸಿಂಗ್ ಹೋಮಿನ ಯೋಗ್ಯತೆ ಗೊತ್ತಾಗುವುದು ಹಗಲು ಹೊತ್ತು ಮುಂಬಾಗಿಲಲ್ಲಿ ಅಲ್ಲ. ರಾತ್ರಿ ಹೊತ್ತು, ಹಿಂಬಾಗಿಲಲ್ಲಿ.

ನಾಲ್ಕು ರಾತ್ರಿಗಳು

ಇದು ಬರೀ ಹೆದರಿಸುವ ಮಾತಲ್ಲ. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಎ.ಎಂ.ಆರ್.ಐ. ಆಸ್ಪತ್ರೆಗೆ ಬೆಂಕಿ ಬಿತ್ತು. ಊರಿನ ದೊಡ್ಡವರೆಲ್ಲ ಹೋಗುತ್ತಿದ್ದ, ಹೆಸರುವಾಸಿ ಆಸ್ಪತ್ರೆ ಅದು. ಗಾಡಿ ನಿಲ್ಲಿಸಬೇಕಾದ ನೆಲಮಾಳಿಗೆಯಲ್ಲಿ ಸುಡುವ ಸಾಮಾನು ತುಂಬಿತ್ತು. ಹೊಗೆ ಎ.ಸಿ. ಕೊಳವೆ ಹಿಡಿದು ವಾರ್ಡಿಗೆ ಏರಿತು. ಕಿಟಕಿಗೆಲ್ಲ ಗಾಜು ಬಿಗಿದಿದ್ದರಿಂದ ಹೊಗೆ ಹೊರಕ್ಕೆ ಹೋಗಲಿಲ್ಲ. ಸತ್ತವರು 90ಕ್ಕೂ ಹೆಚ್ಚು ಮಂದಿ. ಬಹುಪಾಲು ಜನ ಸುಟ್ಟು ಸತ್ತವರಲ್ಲ, ಉಸಿರುಗಟ್ಟಿ ಸತ್ತವರು.

2020ರ ಆಗಸ್ಟಿನಲ್ಲಿ ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಬೆಂಕಿ. ಕೋವಿಡ್ ರೋಗಿಗಳು 8 ಜನ ಹೋದರು. 2021ರ ಮೇ 1ರಂದು ಗುಜರಾತಿನದೇ ಭರೂಚಿನಲ್ಲಿ 18 ಜನ. ಅವರಲ್ಲಿ ಇಬ್ಬರು ನರ್ಸುಗಳು. 2024ರ ಮೇ 25ರಂದು ದೆಹಲಿಯ ವಿವೇಕ ವಿಹಾರದಲ್ಲಿ ನವಜಾತ ಶಿಶುಗಳ ಆಸ್ಪತ್ರೆ ಹೊತ್ತಿ ಉರಿದು 7 ಹಸುಗೂಸುಗಳು ಸತ್ತವು. ಅಲ್ಲಿನ ಪೊಲೀಸರು ಆಮೇಲೆ ಹೇಳಿದ್ದೇನು? ಲೈಸೆನ್ಸು ಮಾರ್ಚ್ ಕೊನೆಗೇ ಮುಗಿದಿತ್ತು. ಪರವಾನಗಿ ಇದ್ದದ್ದು 5 ಹಾಸಿಗೆಗೆ, ಒಳಗಿದ್ದ ಕೂಸುಗಳು 12.

ನಾಲ್ಕೂ ನಡೆದದ್ದು ರಾತ್ರಿ. ಕೋಲ್ಕತ್ತಾ ಮತ್ತು ಅಹಮದಾಬಾದು ನಸುಕಿನ ಮೂರರ ಸುಮಾರಿಗೆ, ಭರೂಚು ಒಂದರ ಹೊತ್ತಿಗೆ, ದೆಹಲಿ ಹನ್ನೊಂದೂವರೆಗೆ. ಹಗಲು ಹೊತ್ತು ಡಾಕ್ಟರು, ಸಿಬ್ಬಂದಿ, ನೋಡಲು ಬಂದವರು ಎಲ್ಲಾ ಸೇರಿ ಹತ್ತು ಕೈ ಇರುತ್ತವೆ. ರಾತ್ರಿ ಇರುವುದು ನಿದ್ದೆಗಣ್ಣಿನ ಇಬ್ಬರು ಹುಡುಗಿಯರು, ಗೇಟಿನಲ್ಲಿ ಒಬ್ಬ ವಾಚಮನ್ನು. ಆಗ ಎರಡನೇ ಮೆಟ್ಟಿಲಿನ ಬಾಗಿಲಿಗೆ ಬೀಗ ಜಡಿದಿದ್ದರೆ, ಆ ಮೆಟ್ಟಿಲ ಕೆಳಗೆ ಮುರಿದ ಮಂಚ, ಖಾಲಿ ರಟ್ಟಿನ ಡಬ್ಬ ಪೇರಿಸಿಟ್ಟಿದ್ದರೆ, ರೋಗಿಯ ಗತಿಯೇನು? ಗೋಡೆಗೆ ನೇತು ಹಾಕಿದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಕೊರಳಲ್ಲಿ ಒಂದು ಚೀಟಿ ಇರುತ್ತದೆ. ಕೊನೇ ಸಲ ತುಂಬಿಸಿದ ತಾರೀಖು ಅದರಲ್ಲಿರುತ್ತದೆ. ಓದಲು ಅರ್ಧ ನಿಮಿಷ ಸಾಕು. ಓದುವವರು ಯಾರು?

ಹೆರಿಗೆ ಮನೆಯ ಎರಡು ಗಂಟೆ

ಬೆಂಕಿ ಎಂದೋ ಒಮ್ಮೆ ಬೀಳುವಂಥದು. ಹೆರಿಗೆ ದಿನಾ ಆಗುವಂಥದು. ಹೆತ್ತ ಮೇಲೆ ರಕ್ತ ನಿಲ್ಲದೆ ಹೋದರೆ ಬಾಣಂತಿಯ ಪ್ರಾಣ ಎರಡು ಗಂಟೆಯೊಳಗೆ ಹೋಗಬಹುದು. ಆ ಎರಡು ಗಂಟೆಯಲ್ಲಿ ಮೂರು ಬೇಕು: ಗುರುತು ಹಿಡಿಯುವ ಕಣ್ಣು, ಅರಿವಳಿಕೆ ಡಾಕ್ಟರು, ಅದೇ ಗುಂಪಿನ ರಕ್ತ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅರಿವಳಿಕೆ ಡಾಕ್ಟರು ಖಾಯಂ ಇರುವುದು ಕಡಿಮೆ. ಒಬ್ಬರೇ ನಾಲ್ಕೈದು ಕಡೆ ಓಡಾಡುತ್ತಾರೆ. ಫೋನು ಮಾಡಿದರೆ ಬರುತ್ತಾರೆ, ಸರಿ. ಇನ್ನೊಂದು ಕಡೆ ಟೇಬಲ್ಲಿನ ಮುಂದೆ ಇದ್ದರೆ? ರಕ್ತ ಎಲ್ಲಿಂದ ಬರಬೇಕು, ತರಲು ಎಷ್ಟು ಹೊತ್ತು ಬೇಕು?

ಇನ್ನು ರಾತ್ರಿ ಪಾಳಿಯ ಡಾಕ್ಟರು. ಬೋರ್ಡಿನ ಮೇಲೆ ಎಂ.ಡಿ., ಎಂ.ಎಸ್. ಅಂತ ಎಂಟು ಹೆಸರು. ರಾತ್ರಿ ಕೂತವರು ಎಂ.ಬಿ.ಬಿ.ಎಸ್. ಓದಿದವರೋ, ಆಯುರ್ವೇದ ಓದಿ ಅಲೋಪಥಿ ವಾರ್ಡು ನೋಡುವವರೋ? ಸಿಸ್ಟರ್ ಅಂತ ಕರೆಸಿಕೊಳ್ಳುವ ಹುಡುಗಿ ಮೂರು ವರ್ಷದ ಜಿ.ಎನ್.ಎಂ. ಮುಗಿಸಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವಳೋ, ಎಸ್.ಎಸ್.ಎಲ್.ಸಿ. ಆಗಿ ಇಲ್ಲೇ ಸೂಜಿ ಹಿಡಿಯಲು ಕಲಿತವಳೋ? ಆ ಹುಡುಗಿಯ ತಪ್ಪೇನೂ ಇಲ್ಲ, ಪಾಪ. ಕಡಿಮೆ ಸಂಬಳಕ್ಕೆ ಬಿಳೀ ಕೋಟು ತೊಡಿಸಿ ನಿಲ್ಲಿಸಿದವರನ್ನು ಕೇಳಬೇಕು.

ಸಿಸೇರಿಯನ್ ಲೆಕ್ಕವನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆ ಹೊಟ್ಟೆ ಕೊಯ್ದು ಆದವು, ಖಾಸಗಿಯವರಲ್ಲಿ 47.4. ಖಾಸಗಿ, ಸರಕಾರಿ ಎರಡೂ ಸೇರಿ ಕರ್ನಾಟಕದ ಸರಾಸರಿ 31.5. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ 10ರಿಂದ 15ರ ಆಚೆ ಹೋಗಲು ಕಾರಣವಿಲ್ಲ ಎಂದಿತ್ತು. ಕಷ್ಟದ ಕೇಸುಗಳನ್ನೇ ಹೆಚ್ಚು ತೆಗೆದುಕೊಳ್ಳುವ ಕಡೆ ಅಂಕಿ ಏರುವುದು ಸಹಜ, ಡಾಕ್ಟರುಗಳ ಆ ಮಾತು ನ್ಯಾಯವೇ. ಆದರೆ ಹೊಟ್ಟೆ ಕೊಯ್ದರೆ ಹಾಸಿಗೆ ದಿನವೂ ಹೆಚ್ಚು, ಬಿಲ್ಲೂ ಹೆಚ್ಚು ಅನ್ನುವುದೂ ಸುಳ್ಳಲ್ಲವಲ್ಲ. ವರ್ಷಕ್ಕೆ ಎಷ್ಟು ಹೆರಿಗೆ, ಅದರಲ್ಲಿ ಎಷ್ಟು ಸಿಸೇರಿಯನ್, ಎಷ್ಟು ಕೇಸು ಕೊನೇ ಗಳಿಗೆಯಲ್ಲಿ ದೊಡ್ಡಾಸ್ಪತ್ರೆಗೆ ದೂಡಿದ್ದು? ಈ ಮೂರು ಅಂಕಿ ಗೋಡೆಗೆ ಬರೆದರೆ ಐದು ನಕ್ಷತ್ರಕ್ಕಿಂತ ಹೆಚ್ಚು ಹೇಳುತ್ತವೆ.

ಹಿತ್ತಲ ನಾಲ್ಕು ಬಕೀಟು

ಮುಂದಿನ ಹಾಲಿನಲ್ಲಿ ಫಿನಾಯಿಲು ವಾಸನೆ ಬಂದರೆ ಜನ ಕ್ಲೀನು ಅಂತಾರೆ. ನಿಜವಾದ ಕ್ಲೀನು ಕಾಣುವುದು ಹಿತ್ತಲಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕಸ ನಾಲ್ಕು ಬಣ್ಣದಲ್ಲಿ ಬೇರೆಯಾಗಬೇಕು. ಮಾಸು, ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ. ಡ್ರಿಪ್ಪಿನ ನಳಿಕೆ, ಪ್ಲಾಸ್ಟಿಕ್ಕು ಕೆಂಪಿಗೆ. ಸೂಜಿ, ಬ್ಲೇಡು ತೂತು ಬೀಳದ ಬಿಳಿ ಡಬ್ಬಕ್ಕೆ. ಗಾಜು ನೀಲಿಗೆ. 48 ಗಂಟೆ ದಾಟಿ ಇಟ್ಟುಕೊಳ್ಳುವಂತಿಲ್ಲ. ಎಲ್ಲವನ್ನೂ ಒಂದೇ ಕಪ್ಪು ಚೀಲಕ್ಕೆ ತುರುಕಿ ಮುನಿಸಿಪಾಲಿಟಿ ಗಾಡಿಗೆ ಹಾಕಿದರೆ ಸೂಜಿ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಆ ಕೈಗೆ ಹತ್ತಿದ ಕಾಮಾಲೆಗೆ ಬಿಲ್ಲು ಕಟ್ಟುವವರು ಯಾರೂ ಇಲ್ಲ.

ಆಪರೇಷನ್ ಸಾಮಾನು ಕುದಿಸುವ ಆಟೋಕ್ಲೇವಿನದೂ ಹಾಗೇ. 121 ಡಿಗ್ರಿ ಹಬೆಯಲ್ಲಿ, ಒತ್ತಡದಲ್ಲಿ, ಹದಿನೈದು ಇಪ್ಪತ್ತು ನಿಮಿಷವಾದರೂ ಬೇಯಬೇಕು. ಗಂಟಿಗೆ ಸುತ್ತಿದ ಟೇಪಿನ ಗೆರೆ ಕಪ್ಪಾಗಬೇಕು. ಕೇಸು ಮೇಲೆ ಕೇಸು ಬಂದ ದಿನ ಇದರಲ್ಲಿ ಐದು ನಿಮಿಷ ಉಳಿಸಿದರೆ ಅದು ಹೊಲಿಗೆಯ ಕೀವಾಗಿ ವಾರದ ಮೇಲೆ ಗೊತ್ತಾಗುತ್ತದೆ. ಖಾಸಗಿಯವರದಷ್ಟೇ ಕಥೆ ಅಲ್ಲ ಇದು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ಬಾಟಲಿ ಯಾವ ಕಂಪನಿಯದು, ಯಾವ ಬ್ಯಾಚಿನದು ಅಂತ ಕೇಸ್ ಶೀಟಿನಲ್ಲಿ ಬರೆದಿಡುವುದು ಗುಮಾಸ್ತಗಿರಿಯಲ್ಲ, ಪ್ರಾಣದ ಲೆಕ್ಕ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಯಿದೆ ಇದೆ, ಕಣ್ಣು ಬೇಕು

ಕಾಯಿದೆ ಇಲ್ಲವೇ? ಧಾರಾಳವಾಗಿ ಇದೆ. 1976ರಲ್ಲೇ ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣಕ್ಕೆ ಕಾಯಿದೆ ಬಂತು. ಅದರ ಬದಲಿಗೆ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಅಂದರೆ ಕೆ.ಪಿ.ಎಂ.ಇ. ಬಂತು. ನೋಂದಣಿ ಐದು ವರ್ಷಕ್ಕೆ. ಜಿಲ್ಲಾ ಪ್ರಾಧಿಕಾರಕ್ಕೆ ಡಿ.ಸಿ. ಸಾಹೇಬರೇ ಅಧ್ಯಕ್ಷರು, ಡಿ.ಎಚ್.ಓ. ಸದಸ್ಯ ಕಾರ್ಯದರ್ಶಿ. ನೋಂದಣಿ ಪತ್ರ ಕಾಣುವ ಕಡೆ ತೂಗುಹಾಕಬೇಕು. ದರಪಟ್ಟಿ ಕಾಣಬೇಕು. ತುರ್ತು ಕೇಸಿಗೆ ಮುಂಗಡ ಹಣ ಕೇಳಿಕೊಂಡು ಕೂರುವಂತಿಲ್ಲ.

2017ರಲ್ಲಿ ಇದಕ್ಕೆ ಹಲ್ಲು ಕೂಡಿಸಲು ಸರಕಾರ ಹೊರಟಿತು. ಆ ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಬೀದಿಗಿಳಿದರು, ರೋಗಿಗಳು ಪರದಾಡಿದರು. ಕೊನೆಗೆ ಮಸೂದೆ ಸಾಕಷ್ಟು ಮೆತ್ತಗಾಗಿ ಪಾಸಾಯಿತು. ಆದರೂ ಒಳ್ಳೆಯ ಅಂಶಗಳು ಉಳಿದವು. ಜಿಲ್ಲಾ ಪ್ರಾಧಿಕಾರಕ್ಕೆ ಜನರ ದೂರು ಕೇಳುವ ಕೆಲಸ ಸೇರಿತು. ರೋಗಿಗಳ ಹಕ್ಕುಪಟ್ಟಿ ಬಂತು. ಬಾಕಿ ಬಿಲ್ಲಿಗಾಗಿ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಾಯಿತು. ಕೇಸಿನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯರದೇ 2002ರ ನೀತಿ ನಿಯಮ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯಿದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ.

ಹಾಗಾದರೆ ಕೊರತೆ ಎಲ್ಲಿ? ನೋಂದಣಿ ಅಂದರೆ ಕಾಗದ. ಕಾಗದ ಸರಿ ಇರುವುದಕ್ಕೂ ರಾತ್ರಿ ಜನರೇಟರು ಶುರುವಾಗುವುದಕ್ಕೂ ಸಂಬಂಧವಿಲ್ಲ. 2023ರಲ್ಲಿ ಮಂಡ್ಯ, ಮೈಸೂರು ಕಡೆ ಹೆಣ್ಣು ಭ್ರೂಣಹತ್ಯೆಯ ಜಾಲ ಹೊರಬಿತ್ತಲ್ಲ, ಭ್ರೂಣಲಿಂಗ ಪತ್ತೆ ನಿಷೇಧದ ಕಾಯಿದೆ ಅಷ್ಟು ಹೊತ್ತಿಗೆ ಜಾರಿಗೆ ಬಂದು ಕಾಲು ಶತಮಾನ ದಾಟಿತ್ತು. "ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ" ಅನ್ನುವ ಬೋರ್ಡಿಗೂ ಬರ ಇರಲಿಲ್ಲ. ಕಡೆಗೆ ಜಾಲ ಬಯಲಿಗೆ ತಂದವರು ಬೆಂಗಳೂರಿನ ಪೊಲೀಸರು.

ಎನ್.ಎ.ಬಿ.ಎಚ್. ಅನ್ನುವ ಗುಣಮಟ್ಟದ ಮುದ್ರೆಯೂ ಒಂದಿದೆ. ಸಣ್ಣ ಆಸ್ಪತ್ರೆಗಳಿಗಾಗಿಯೇ ಅದರಲ್ಲಿ ಪ್ರವೇಶ ಹಂತ ಇದೆ. ಆದರೆ ಅದು ಬೇಕಾದವರು ಪಡೆಯುವಂಥದು, ಕಡ್ಡಾಯವಲ್ಲ.

ಡಾಕ್ಟರ ಕಡೆಯ ಮಾತು

ಡಾಕ್ಟರುಗಳ ಮಾತನ್ನೂ ಕೇಳಬೇಕು. ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿ, ಬ್ಯಾಂಕಿನ ಸಾಲ ಮಾಡಿ ಹದಿನೈದು ಹಾಸಿಗೆ ಹಾಕಿ, ರಾತ್ರಿ ಹಗಲು ದುಡಿಯುವವರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಅಗ್ನಿಶಾಮಕದವರು, ಮಾಲಿನ್ಯ ಮಂಡಳಿಯವರು, ಮುನಿಸಿಪಾಲಿಟಿಯವರು, ಆರೋಗ್ಯ ಇಲಾಖೆಯವರು ಅಂತ ಬಾಗಿಲಿಗೆ ಬರುವವರೇ ಬಹಳ. ಕೇಸು ಕೆಟ್ಟರೆ ಹೊರಗೆ ಗುಂಪು ಸೇರಿ ಗಾಜು ಒಡೆಯುತ್ತದೆ. ಆಸ್ಪತ್ರೆ ಮೇಲಿನ ದಾಳಿ ತಡೆಯಲು 2009ರಲ್ಲೇ ರಾಜ್ಯ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. ಆದರೆ ಗಾಜು ಒಡೆಯುವುದು ಏಕೆ? ಒಳಗೆ ಏನಾಯಿತು ಅಂತ ಯಾರೂ ಬಿಡಿಸಿ ಹೇಳದಿದ್ದಾಗ ಜನ ಕಲ್ಲು ಎತ್ತುತ್ತಾರೆ. ತಪಾಸಣೆ ಮುಚ್ಚಿಟ್ಟ ಕಡೆ ಒಳ್ಳೆಯ ಡಾಕ್ಟರೂ ಕೆಟ್ಟ ಡಾಕ್ಟರೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಬಯಲಾದರೆ ಮೊದಲು ಲಾಭವಾಗುವುದು ಪ್ರಾಮಾಣಿಕರಿಗೇ.

ಏನು ಆಗಬೇಕು

ಅಪಘಾತದಲ್ಲಿ ಬಿದ್ದವನಿಗೆ ಆಸ್ಪತ್ರೆ ಅಳೆಯಲು ಹೊತ್ತಿರುವುದಿಲ್ಲ. ಹೆರಿಗೆಗೆ ಒಂಬತ್ತು ತಿಂಗಳಿದೆ. ಹರ್ನಿಯಾ, ಮೊಣಕಾಲು, ಕಣ್ಣಿನ ಪೊರೆಗೆ ವಾರಗಳಿವೆ. ಅಂಥವರು ಸಂಜೆ ಊಟದ ಮೇಲೆ ಒಮ್ಮೆ ಹೋಗಿ ಕೇಳಿ ಬರಬೇಕು. ರಾತ್ರಿ ಡಾಕ್ಟರು ಯಾರು, ಅವರ ಓದೇನು? ಅರಿವಳಿಕೆಯವರು ಎಷ್ಟು ಹೊತ್ತಿಗೆ ಬರುತ್ತಾರೆ? ರಕ್ತ ಎಲ್ಲಿಂದ? ಕರೆಂಟು ಹೋದರೆ? ಎರಡನೇ ಮೆಟ್ಟಿಲು ಎಲ್ಲಿ, ಅದರ ಬೀಗದ ಕೈ ಯಾರ ಹತ್ತಿರ? ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ? ನೆಟ್ಟಗೆ ಉತ್ತರ ಕೊಡುವ ಕಡೆ ಸೇರಿಕೊಳ್ಳಲಿ. "ನಿಮಗ್ಯಾಕ್ರೀ ಅದೆಲ್ಲಾ" ಅನ್ನುವ ಕಡೆಯಿಂದ ಎದ್ದು ಬರಲಿ.

ಆದರೆ ಜಿಲ್ಲೆಯ ಪ್ರತಿ ಬಸುರಿಯ ಗಂಡ ಇನ್ಸ್‌ಪೆಕ್ಟರ್ ಆಗಬೇಕು ಅನ್ನುವುದು ನ್ಯಾಯವಲ್ಲ. ಆ ಕೆಲಸಕ್ಕೆ ಸಂಬಳ ಪಡೆಯುವವರು ಬೇರೆ ಇದ್ದಾರೆ. ಅವರು ಮಾಡಬೇಕಾದ್ದು ಎರಡೇ. ಒಂದು, ವರ್ಷಕ್ಕೊಮ್ಮೆಯಾದರೂ ಹೇಳದೆ ಕೇಳದೆ ರಾತ್ರಿ ಹೊತ್ತು ಹೋಗಿ ನೋಡುವುದು. ಎರಡು, ಕಂಡದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅದೇ ಆಸ್ಪತ್ರೆಯ ಬಾಗಿಲಿಗೆ ಅಂಟಿಸುವುದು. ಹಾಸಿಗೆ ಎಷ್ಟು, ನರ್ಸು ಎಷ್ಟು, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಯಾವುದು, ಕೊರತೆ ಏನು, ಸರಿಪಡಿಸಲು ಗಡುವು ಎಷ್ಟು. ಇದಕ್ಕೆ ಹೊಸ ಕಾಯಿದೆಗಾಗಿ ಕಾಯಬೇಕಿಲ್ಲ. ಅಲ್ಲಿಯವರೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಡಿ.ಎಚ್.ಓ. ಕಚೇರಿಯಿಂದ ತಪಾಸಣೆ ವರದಿ ಕೇಳುವ ದಾರಿ ಸಾರ್ವಜನಿಕರಿಗೆ ತೆರೆದೇ ಇದೆ.

ಹೋಟೆಲಿನ ಇಡ್ಲಿ ಕೆಟ್ಟರೆ ಮರುದಿನ ಗಿರಾಕಿ ಬೇರೆ ಹೋಟೆಲಿಗೆ ಹೋಗುತ್ತಾನೆ. ನರ್ಸಿಂಗ್ ಹೋಮು ಕೆಟ್ಟರೆ ಗಿರಾಕಿಗೆ ಮರುದಿನ ಇರುವುದಿಲ್ಲ. ಡಿ.ಸಿ. ಸಾಹೇಬರು ಒಂದು ರಾತ್ರಿ ಎರಡು ಗಂಟೆಗೆ ಜೀಪು ಹತ್ತುವರೇ?